ಮತ್ತೆ ಹೆಬ್ಬೆಟ್ಟು

“ನಮ್ಮ ಹತ್ತಿರ ಮುಚ್ಚಿಡೋಕೆ ಏನಿದೆ ಬಿಡಿ.” ಆಧಾರ್ ವಿಷಯ ಬಂದಾಗಲೆಲ್ಲ ನಾನು ಕೇಳುವ ಮಾತು ಇದೇ. ಇಂಗ್ಲೆಂಡಿನ ಕನ್ನಡ ಕೂಟದ ಊಟದ ಸಾಲಿನಲ್ಲೂ ಇದೇ, ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲೂ ಇದೇ. ಹೇಳುವವರು ಸಂಭಾವಿತರು, ತೆರಿಗೆ ಕಟ್ಟುವವರು. ಆದರೆ ಅದೇ ಮನುಷ್ಯ ತನ್ನ ಸಂಬಳ ಎಷ್ಟೆಂದು ಭಾವಮೈದುನನ ಎದುರೂ ಬಾಯಿ ಬಿಡುವುದಿಲ್ಲ.

ನಾನು ಲೆಕ್ಕಿಗ. ಇಪ್ಪತ್ತು ವರ್ಷಗಳಿಂದ ಇನ್ನೊಬ್ಬರ ಹಣದ ಕಾಗದ ನೋಡಿಯೇ ಅನ್ನ ತಿನ್ನುತ್ತಿದ್ದೇನೆ. ಮುಚ್ಚಿಡಲು ಏನೂ ಇಲ್ಲದ ಮನುಷ್ಯನನ್ನು ಈವರೆಗೆ ಕಂಡಿಲ್ಲ, ಮತ್ತು ಕಂಡವರಲ್ಲಿ ಹೆಚ್ಚಿನವರು ಕಳ್ಳರಲ್ಲ. ಗಂಡನಿಗೆ ಹೇಳದೆ ತವರಿನ ತಂಗಿಗೆ ತಿಂಗಳು ತಿಂಗಳು ದುಡ್ಡು ಕಳಿಸುವ ಹೆಂಗಸು ಇರುತ್ತಾಳೆ. ಮಾನಸಿಕ ಕಾಯಿಲೆಯ ಔಷಧಿಗೆ ಖರ್ಚು ಮಾಡಿ, ಆ ರಸೀದಿಯನ್ನು ಆಫೀಸಿಗೆ ಕೊಡದೆ ನಷ್ಟ ಅನುಭವಿಸುವ ಎಂಜಿನಿಯರ್ ಇರುತ್ತಾನೆ. ಮರ್ಯಾದಸ್ಥರ ಗುಟ್ಟುಗಳು ಇರುವುದೇ ಖರ್ಚಿನ ಲೆಕ್ಕದಲ್ಲಿ. ಖಾಸಗಿತನ ಎಂದರೆ ಈ ಗುಟ್ಟನ್ನು ಯಾರಿಗೆ, ಎಷ್ಟು, ಯಾವಾಗ ಹೇಳಬೇಕು ಎಂದು ಅವರೇ ನಿರ್ಧರಿಸುವುದು. ಅಪರಾಧ ಮುಚ್ಚಿಡುವುದು ಬೇರೆಯೇ ವಿಷಯ.

ನಮ್ಮ ಭಾಷೆಯಲ್ಲಿ ‘ಹೆಬ್ಬೆಟ್ಟು’ ಎನ್ನುವುದು ಬೈಗುಳ. ಓದು ಬರಹ ಬಾರದವನು ಹೆಬ್ಬೆಟ್ಟು ಗಿರಾಕಿ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಎಷ್ಟೋ ಅಜ್ಜಿಯಂದಿರು ರಾತ್ರಿ ಶಾಲೆಗೆ ಹೋಗಿ ಸಹಿ ಮಾಡುವುದನ್ನು ಕಲಿತರು, ಶಾಯಿ ಡಬ್ಬಿಯ ಅವಮಾನದಿಂದ ಪಾರಾದರು. ಈಗ ಪಿಎಚ್‌ಡಿ ಮಾಡಿದವರೂ ಸಾಲಿನಲ್ಲಿ ನಿಂತು ಗಾಜಿನ ಮೇಲೆ ಬೆಟ್ಟು ಒತ್ತುತ್ತಾರೆ, ಅದಕ್ಕೆ ಪ್ರಗತಿ ಎನ್ನುತ್ತೇವೆ.

ಸಹಿಗೂ ಹೆಬ್ಬೆಟ್ಟಿಗೂ ಇರುವ ವ್ಯತ್ಯಾಸ ಮರ್ಯಾದೆಯದಷ್ಟೇ ಅಲ್ಲ. ಆಡಿಟಿನಲ್ಲಿ ನಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತೇವೆ. ಇವನು ಯಾರು? ಇವನು ಇದಕ್ಕೆ ಒಪ್ಪಿದನೇ? ಸಹಿ ಎರಡನೆಯ ಪ್ರಶ್ನೆಗೆ ಉತ್ತರ, ಅದು ಮನಸ್ಸಿನ ಕೆಲಸ. ಬೆರಳಚ್ಚು ಹೆಚ್ಚೆಂದರೆ ಮೊದಲನೆಯದಕ್ಕೆ ಉತ್ತರ ಕೊಡಬಲ್ಲದು. ಮಲಗಿದವನ ಬೆರಳನ್ನೂ ಒತ್ತಿಸಬಹುದು, ಲೋಟದ ಮೇಲಿನಿಂದಲೂ ಎತ್ತಬಹುದು. ಚೆಕ್ ಪುಸ್ತಕ ಕಳೆದರೆ ರದ್ದು ಮಾಡಿಸಿ ಹೊಸದು ತರಬಹುದು, ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳು ಕದ್ದರೆ? ಹತ್ತೇ ಇರುವುದು, ಹೊಸದು ಬೆಳೆಯುವುದಿಲ್ಲ. ಬದಲಿಸಲಾಗದ ಬೀಗದ ಕೈಯನ್ನು ಯಾವ ಲೆಕ್ಕಪರಿಶೋಧಕನೂ ಖಜಾನೆಗೆ ಹಾಕಲು ಹೇಳುವುದಿಲ್ಲ. ನಾವು 130 ಕೋಟಿಗೂ ಹೆಚ್ಚು ಜನರ ಖಜಾನೆಗೆ ಅದನ್ನೇ ಹಾಕಿದೆವು.

ಇದು ಹೆದರಿಸುವ ಮಾತು ಎನ್ನುವವರು 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನೆಯಲಿ. ಮಂಗಳೂರು, ಬೆಂಗಳೂರುಗಳಲ್ಲಿ ಜಮೀನು, ಮನೆ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಗತೊಡಗಿತು. ಒಟಿಪಿ ಬರಲಿಲ್ಲ, ಕಾರ್ಡ್ ಬಳಕೆಯಾಗಲಿಲ್ಲ, ಯಾರೂ ಫೋನ್ ಮಾಡಿ ಮರುಳು ಮಾಡಲಿಲ್ಲ. ಪೊಲೀಸರ ತನಿಖೆಯಲ್ಲಿ ಹೊರಬಂದದ್ದು ಇಷ್ಟು: ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳ ಪ್ರತಿ ಇಳಿಸಿಕೊಳ್ಳುವುದು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುವುದು, ಆ ಗುರುತಿನಿಂದ ನಕಲಿ ಬೆರಳು ಮಾಡುವುದು, ಅದನ್ನು ಆಧಾರ್ ಆಧಾರಿತ ಪಾವತಿ ಯಂತ್ರಕ್ಕೆ ಒತ್ತುವುದು. ಎಇಪಿಎಸ್ ಎನ್ನುವ ಈ ವ್ಯವಸ್ಥೆಗೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು. ಹಳ್ಳಿಯ ಮುದುಕಿಗೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗಲೆಂದು ಮಾಡಿದ ಅನುಕೂಲ ಅದು. ಆದರೆ ಖಾತೆಗೆ ಆಧಾರ್ ಜೋಡಿಸಿದ ಎಲ್ಲರಿಗೂ, ಕೇಳದೆಯೇ, ಆ ಬಾಗಿಲು ತೆರೆದಿತ್ತು. ಹಣ ಕಳೆದುಕೊಂಡ ಹಲವರು ಎಇಪಿಎಸ್ ಎಂಬ ಪದವನ್ನೇ ಮೊದಲ ಬಾರಿ ಕೇಳಿದ್ದು ಪೊಲೀಸ್ ಠಾಣೆಯಲ್ಲಿ.

ಗಮನಿಸಿ, ಹೆಬ್ಬಾಳದಲ್ಲಿರುವ ಪ್ರಾಧಿಕಾರದ ದತ್ತಾಂಶ ಕೇಂದ್ರಕ್ಕೆ ಯಾರೂ ಕನ್ನ ಹಾಕಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ. “ನಮ್ಮ ಕೋಶ ಭದ್ರವಾಗಿದೆ” ಎಂದು ಪ್ರಾಧಿಕಾರ ಹೇಳುವುದು ನಿಜವಿರಬಹುದು. ಬೀಗ ಗಟ್ಟಿಯಾಗಿದೆ, ಆದರೆ ಬೀಗದ ಕೈಯ ಅಚ್ಚನ್ನು ಸರ್ಕಾರದ್ದೇ ಇನ್ನೊಂದು ಇಲಾಖೆ ಜಾಲತಾಣದಲ್ಲಿ ಹರಡಿ ಕೂತಿತ್ತು. ಆಮೇಲೆ ಪತ್ರಗಳ ಮೇಲಿನ ಬೆರಳಚ್ಚು ಮರೆಮಾಚುವ ಕ್ರಮ ಬಂತು, “ನಿಮ್ಮ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ” ಎಂಬ ಉಪದೇಶ ಬಂತು. ಅಂದರೆ ತೆರೆದಿಟ್ಟವರು ಅವರು, ಮುಚ್ಚಿಕೊಳ್ಳಬೇಕಾದವರು ನಾವು.

ಉಪದೇಶದ ಮಾತು ಬಂತೆಂದು ಹೇಳುತ್ತೇನೆ. 2022ರ ಮೇ ತಿಂಗಳಲ್ಲಿ ಇದೇ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಒಳ್ಳೆಯ ಪ್ರಕಟಣೆ ಕೊಟ್ಟಿತು: ಆಧಾರ್ ಜೆರಾಕ್ಸ್ ಪ್ರತಿಯನ್ನು ಸಿಕ್ಕಸಿಕ್ಕ ಸಂಸ್ಥೆಗಳಿಗೆ ಕೊಡಬೇಡಿ, ದುರ್ಬಳಕೆಯಾದೀತು. ಎರಡೇ ದಿನದಲ್ಲಿ ದೆಹಲಿಯ ಸಚಿವಾಲಯ ಅದನ್ನು ಹಿಂದಕ್ಕೆ ಪಡೆಯಿತು. ಕಾರಣ, ಜನ ತಪ್ಪು ತಿಳಿದುಕೊಳ್ಳಬಹುದು! ಜನ ಸರಿಯಾಗಿ ತಿಳಿದುಕೊಂಡಾರು ಎಂಬುದೇ ಭಯವಾಗಿತ್ತೆಂದು ನನಗೆ ಅನಿಸುತ್ತದೆ.

ನನ್ನ ವೃತ್ತಿಯವರ ಮಾತನ್ನೇ ಕೇಳೋಣವೆಂದರೆ ಸಿಎಜಿ ವರದಿ ಇದೆ. 2022ರ ಏಪ್ರಿಲ್‌ನಲ್ಲಿ ಸಂಸತ್ತಿನ ಮುಂದೆ ಬಂದ ಆ ಪರಿಶೋಧನೆ, ಎರಡು ಸಲ ಕೊಟ್ಟುಬಿಟ್ಟಿದ್ದಕ್ಕೆ 2019ರ ನವೆಂಬರ್‌ವರೆಗೆ 4.75 ಲಕ್ಷಕ್ಕೂ ಹೆಚ್ಚು ಆಧಾರ್ ರದ್ದಾಗಿವೆ ಎಂದು ಬರೆಯಿತು. ‘ಒಬ್ಬರಿಗೆ ಒಂದೇ, ಎರಡನೆಯದು ಅಸಾಧ್ಯ’ ಎಂಬುದೇ ಈ ಯೋಜನೆಯ ಮೂಲ ಬಂಡವಾಳವಾಗಿತ್ತು ಎಂಬುದು ನೆನಪಿರಲಿ. ದೃಢೀಕರಣ ಯಾಕೆ ವಿಫಲವಾಗುತ್ತದೆ ಎಂದು ವಿಶ್ಲೇಷಿಸುವ ವ್ಯವಸ್ಥೆಯೇ ಪ್ರಾಧಿಕಾರದಲ್ಲಿಲ್ಲ ಎಂದೂ ಅದೇ ವರದಿ ಹೇಳಿತು. ಬೀಡಿ ಕಟ್ಟಿ ಸವೆದ ಬೆರಳು, ಸಿಮೆಂಟ್ ಕಲಸಿ ಒಡೆದ ಬೆರಳು ಯಂತ್ರಕ್ಕೆ ಗುರುತು ಸಿಗದಿದ್ದಾಗ ಅಕ್ಕಿ ಇಲ್ಲದೆ ಹಿಂದಿರುಗುವವರು ಯಾರೆಂದು ನಿಮಗೂ ಗೊತ್ತು. ಖಾಸಗಿ ಕಂಪನಿಯೊಂದರ ಆಡಿಟಿನಲ್ಲಿ ಇಂಥ ಷರಾ ಬಂದಿದ್ದರೆ ನಿರ್ದೇಶಕ ಮಂಡಳಿ ಬೆವರುತ್ತಿತ್ತು. ಇಲ್ಲಿ ಎರಡು ದಿನ ಸುದ್ದಿಯಾಗಿ ಮುಗಿಯಿತು.

ಎಲ್ಲ ಲೆಡ್ಜರಿಗೂ ಒಂದೇ ಸಂಖ್ಯೆ ಎನ್ನುವುದು ಇನ್ನೂ ಆಳದ ತೊಂದರೆ. ಆಸ್ಪತ್ರೆಯ ಪುಸ್ತಕ, ಬ್ಯಾಂಕಿನ ಪುಸ್ತಕ, ಮಗುವಿನ ಶಾಲೆಯ ಪುಸ್ತಕ, ಮೊಬೈಲ್ ಕಂಪನಿಯ ಪುಸ್ತಕ ಬೇರೆ ಬೇರೆ ಇದ್ದಾಗ ಒಂದೊಂದರಿಂದಲೂ ತಿಳಿಯುವುದು ಅಲ್ಪ. ಒಂದೇ ಸಂಖ್ಯೆಯ ದಾರ ಪೋಣಿಸಿದರೆ ಒಬ್ಬ ಗುಮಾಸ್ತ ಒಂದು ಮಧ್ಯಾಹ್ನದಲ್ಲಿ ನಿಮ್ಮ ಬಾಳನ್ನು ತಾಳೆ ನೋಡಬಲ್ಲ. ಈ ಕೆಲಸ ಮಾಡುವವನಾಗಿ ಹೇಳುತ್ತೇನೆ, ತಾಳೆ ನೋಡುವವನ ಕೈಯಲ್ಲಿರುವ ಅಧಿಕಾರ ದೊಡ್ಡದು.

ಒಮ್ಮೆ ಕೊಟ್ಟ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನಾನಿರುವ ಬ್ರಿಟನ್ನಿನ ಕಥೆ ಸಾಕು. 1939ರಲ್ಲಿ ಯುದ್ಧಕ್ಕೆಂದು ಇಲ್ಲಿ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟರು. ಉದ್ದೇಶ ಮೂರು: ಸೈನ್ಯ ಸೇರ್ಪಡೆ, ಭದ್ರತೆ, ರೇಷನ್. 1950ರ ಹೊತ್ತಿಗೆ ಅದನ್ನು ಬಳಸುವ ಸರ್ಕಾರಿ ಸಂಸ್ಥೆಗಳು 39 ಆಗಿದ್ದವು. ಯುದ್ಧ ಮುಗಿದು ಐದು ವರ್ಷವಾದ ಮೇಲೆ ಲಂಡನ್ನಿನ ರಸ್ತೆಯಲ್ಲಿ ಪೊಲೀಸನೊಬ್ಬ ಕ್ಲಾರೆನ್ಸ್ ವಿಲ್ಕಾಕ್ ಎಂಬುವರ ಕಾರು ನಿಲ್ಲಿಸಿ ಚೀಟಿ ಕೇಳಿದ. ಆತ ತೋರಿಸುವುದಿಲ್ಲ ಎಂದ. ಮೊಕದ್ದಮೆಯಲ್ಲಿ ಕಾನೂನಿನ ಪ್ರಕಾರ ವಿಲ್ಕಾಕ್ ಸೋತರೂ, ನ್ಯಾಯಮೂರ್ತಿಗಳು ಸರ್ಕಾರಕ್ಕೇ ಛೀಮಾರಿ ಹಾಕಿದರು, 1952ರಲ್ಲಿ ಚೀಟಿ ಹೋಯಿತು. 2006ರಲ್ಲಿ ಲೇಬರ್ ಸರ್ಕಾರ ಮತ್ತೆ ಗುರುತಿನ ಕಾರ್ಡು, ಬೆರಳಚ್ಚಿನ ರಾಷ್ಟ್ರೀಯ ದಾಖಲೆ ತಂದಿತು. ಮುಂದಿನ ಸರ್ಕಾರ 2010ರಲ್ಲಿ ಆ ಕಾಯ್ದೆಯನ್ನೇ ತೆಗೆಯಿತು, 2011ರ ಫೆಬ್ರುವರಿಯಲ್ಲಿ ಮಂತ್ರಿಯೇ ನಿಂತು ಹಾರ್ಡ್ ಡಿಸ್ಕುಗಳನ್ನು ಪುಡಿ ಮಾಡುವ ಯಂತ್ರಕ್ಕೆ ಹಾಕಿದರು. ಸರಿಯಾಗಿ ಅದೇ ಹೊತ್ತಿಗೆ, 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ತೆಂಭ್ಲಿ ಹಳ್ಳಿಯಲ್ಲಿ ನಮ್ಮವರು ಮೊದಲ ಆಧಾರ್ ಹಂಚಿದ್ದರು. ಆಗ ಅದಕ್ಕೆಂದು ಒಂದು ಕಾಯ್ದೆ ಕೂಡ ಇರಲಿಲ್ಲ. ಕಾಯ್ದೆ ಬಂದದ್ದು 2016ರಲ್ಲಿ.

ಬ್ರಿಟನ್ ಸ್ವರ್ಗ ಎನ್ನುತ್ತಿಲ್ಲ. ಇಲ್ಲಿಯೂ 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಸ್ಟಾರ್ಮರ್ ಡಿಜಿಟಲ್ ಗುರುತಿನ ಯೋಜನೆ ಘೋಷಿಸಿದರು, ಮರು ತಿಂಗಳು ಮುಂಬೈಗೆ ಹೋಗಿ ನಂದನ್ ನಿಲೇಕಣಿಯವರನ್ನೂ ಕಂಡುಬಂದರು. ಆದರೆ ಘೋಷಣೆಯ ಬೆನ್ನಿಗೇ ಅದನ್ನು ವಿರೋಧಿಸುವ ಅರ್ಜಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹೌದು, ಸಹಿ.

“ನೀನು ವೀಸಾಕ್ಕೆ ಹತ್ತೂ ಬೆರಳು ಬ್ರಿಟಿಷರಿಗೆ ಕೊಟ್ಟೆಯಲ್ಲ, ತಾಯ್ನಾಡಿಗೆ ಕೊಡಲು ಏನು ಧಾಡಿ?” ಇದು ಊರಿನ ಗೆಳೆಯನೊಬ್ಬನ ಪ್ರಶ್ನೆ, ಕೇಳತಕ್ಕದ್ದೇ. ಕೊಟ್ಟೆ. ಬೇರೆಯವರ ಮನೆ ಬಾಗಿಲಲ್ಲಿ ನಿಂತವನಿಗೆ ‘ಯಾರಪ್ಪ ನೀನು’ ಎಂದು ಕೇಳುವುದು ಸಹಜ. ಮನೆಯ ಮಕ್ಕಳನ್ನು ಊಟದ ತಟ್ಟೆಯ ಮುಂದೆ ದಿನಾ ಹಾಗೆ ಕೇಳಿದರೆ ಅದು ಮನೆಯಾಗುವುದಿಲ್ಲ. ಅದೂ ಅಲ್ಲದೆ ಇಲ್ಲಿ ನನ್ನ ಬೆರಳು ಗಡಿಯ ಕಚೇರಿಯಲ್ಲೇ ನಿಂತಿತು. ತೆರಿಗೆಗೆ, ಪಿಂಚಣಿಗೆ ನನಗಿರುವುದು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಒಂಬತ್ತು ಅಕ್ಷರ ಮತ್ತು ಅಂಕಿ, ಭಾವಚಿತ್ರವಿಲ್ಲ, ಬೆರಳಿಲ್ಲ. ಇಡೀ ದೇಶದ ಸಂಬಳದ ತೆರಿಗೆ ಅದರ ಮೇಲೆ ನಡೆಯುತ್ತದೆ.

ನಕಲಿ ರೇಷನ್ ಕಾರ್ಡು, ಸತ್ತವರ ಹೆಸರಿನ ಪಿಂಚಣಿ ನಿಂತಿತಲ್ಲ ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ದಾಖಲೆಯೂ ಇಲ್ಲದ ವಲಸೆ ಕೂಲಿಗೆ ಒಂದು ಗುರುತು ಸಿಕ್ಕಿದ್ದು ದೊಡ್ಡ ವಿಷಯ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹತ್ತು ಕಿಲೋ ಬರೆದು ಎಂಟು ಕಿಲೋ ತೂಗುವುದನ್ನು ಯಾವ ಬೆರಳಚ್ಚು ಯಂತ್ರವೂ ಹಿಡಿಯುವುದಿಲ್ಲ. ಕೊಳ್ಳುವವನ ಗುರುತು ಪರೀಕ್ಷಿಸಿದೆವು, ಮಾರುವವನ ತಕ್ಕಡಿ ಪರೀಕ್ಷಿಸಲಿಲ್ಲ. ಅನುಮಾನ ಯಾವಾಗಲೂ ಬಡವನ ಕಡೆಗೇ ತಿರುಗಿರುತ್ತದೆ.

ಈ ಕಥೆಯ ಎರಡು ತುದಿಯಲ್ಲೂ ಬೆಂಗಳೂರಿನವರಿದ್ದಾರೆ. ಯೋಜನೆ ಕಟ್ಟಿದವರು ನಿಲೇಕಣಿ. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೌದು ಎಂದರು. 2018ರ ಸೆಪ್ಟೆಂಬರಿನಲ್ಲಿ ಐವರ ಪೀಠ ಆಧಾರನ್ನು ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಬಳಸುವಂತಿಲ್ಲ ಎಂದಿತು. ಕಾಯ್ದೆಯನ್ನು ಹಣಕಾಸು ಮಸೂದೆಯ ವೇಷದಲ್ಲಿ ಪಾಸು ಮಾಡಿದ್ದು ಸಂವಿಧಾನಕ್ಕೆ ಬಗೆದ ವಂಚನೆ ಎಂದು ಬರೆದವರು ಅವರಲ್ಲಿ ಒಬ್ಬರೇ, ನ್ಯಾಯಮೂರ್ತಿ ಚಂದ್ರಚೂಡ್. ಮರು ವರ್ಷವೇ ತಿದ್ದುಪಡಿ ತಂದು ಬ್ಯಾಂಕು, ಮೊಬೈಲ್ ಕಂಪನಿಗಳಿಗೆ ‘ಸ್ವಇಚ್ಛೆ’ಯ ಹಿಂಬಾಗಿಲು ತೆರೆದರು. ಸಿಮ್ ಕೊಳ್ಳುವ ಕೌಂಟರಿನಲ್ಲಿ ಸ್ವಇಚ್ಛೆ ಹೇಗಿರುತ್ತದೆಂದು ನೋಡಬೇಕಾದರೆ ಒಮ್ಮೆ “ಆಧಾರ್ ಕೊಡುವುದಿಲ್ಲ, ಪಾಸ್‌ಪೋರ್ಟ್ ತಗೊಳ್ಳಿ” ಎಂದು ಹೇಳಿ ನೋಡಿ. ಹುಡುಗ ನಿಮ್ಮನ್ನು ಭಯೋತ್ಪಾದಕನಂತೆ ನೋಡುತ್ತಾನೆ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನಮ್ಮನ್ನು ಕಾಯುತ್ತದೆಯೇ? ಅದರ 17ನೇ ಸೆಕ್ಷನ್ ಓದಿ. ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಹೇಳಿ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಗಾದರೂ ವಿನಾಯಿತಿ ಕೊಡಬಹುದು. ಬೇಲಿಗೇ ಹೊಲ ಮೇಯುವ ಪರವಾನಗಿ.

ಕೊನೆಯದಾಗಿ ನನ್ನಂಥ ಅನಿವಾಸಿಗಳಿಗೆ, ವೃತ್ತಿಯ ಮಾತು. 2019ರಿಂದ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಊರಿಗೆ ಹೋದೊಡನೆ, 182 ದಿನ ಕಾಯದೆ ಆಧಾರ್ ಮಾಡಿಸಬಹುದು. ಹಾಗಾಗಿ ರಜೆಗೆ ಹೋದವರೆಲ್ಲ “ಇರಲಿ ಒಂದು” ಎಂದು ಮಾಡಿಸಿಕೊಂಡು ಬರುತ್ತಾರೆ. ಪ್ಯಾನ್‌ಗೆ ಆಧಾರ್ ಜೋಡಿಸುವ ಕಡ್ಡಾಯದಿಂದ ಅನಿವಾಸಿಗಳಿಗೆ ವಿನಾಯಿತಿ ಕೊಟ್ಟದ್ದು 2017ರ ಮೇ 11ರ 37ನೇ ಅಧಿಸೂಚನೆ. ಅದರ ಒಕ್ಕಣೆ ನೋಡಿ: ವಿನಾಯಿತಿ ಇರುವುದು ಆಧಾರ್ ಸಂಖ್ಯೆ ‘ಹೊಂದಿಲ್ಲದ’ ಅನಿವಾಸಿಗೆ. ಇರಲಿ ಎಂದು ಮಾಡಿಸಿದ ದಿನವೇ ಆ ರಕ್ಷಣೆ ಕೈಬಿಡುತ್ತದೆ. 2023ರ ಜುಲೈಯಲ್ಲಿ ಜೋಡಿಸದ ಪ್ಯಾನ್‌ಗಳು ನಿಷ್ಕ್ರಿಯವಾದಾಗ ಇಲಾಖೆಯ ದಾಖಲೆಯಲ್ಲಿ ಅನಿವಾಸಿ ಎಂದು ನಮೂದಾಗದ ಎಷ್ಟೋ ಅನಿವಾಸಿಗಳ ಪ್ಯಾನ್ ಕೂಡ ಅದರಲ್ಲಿ ಸಿಕ್ಕಿಬಿದ್ದವು, ತೆರಿಗೆ ಮರುಪಾವತಿ ನಿಂತಿತು. ನಾವು ಅನಿವಾಸಿಗಳೆಂದು ದಾಖಲೆ ಕೊಟ್ಟು ಸಾಬೀತು ಮಾಡಬೇಕಾದವರೂ ನಾವೇ ಆದೆವು.

ಆದ್ದರಿಂದ ಆಧಾರ್ ಇಲ್ಲದವರು ಮೊದಲು ತೆರಿಗೆ ಜಾಲತಾಣದಲ್ಲಿ ನಿಮ್ಮ ವಾಸಸ್ಥಿತಿ ಸರಿಯಾಗಿದೆಯೇ ನೋಡಿಕೊಳ್ಳಿ. ಇರುವವರು ಬಯೊಮೆಟ್ರಿಕ್ ಲಾಕ್ ಮಾಡಿ, ಊರಲ್ಲಿರುವ ಅಪ್ಪ ಅಮ್ಮನದ್ದನ್ನೂ ಅವರ ಜೊತೆ ಕೂತು ಮಾಡಿಕೊಡಿ, ಬ್ಯಾಂಕಿಗೆ ಎಇಪಿಎಸ್ ಬೇಡವೆಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಸಲ ಬ್ಯಾಂಕಿನ ಅರ್ಜಿಯಲ್ಲಿ ಆಧಾರ್ ಕಾಲಂ ಬಂದು, ನಿಮ್ಮಲ್ಲಿ ಅದು ಇಲ್ಲದಿದ್ದರೆ, ಖಾಲಿ ಬಿಡಬೇಡಿ. “ಅನಿವಾಸಿ, ಆಧಾರ್ ಹೊಂದಿಲ್ಲ, ಅಧಿಸೂಚನೆ 37/2017” ಎಂದು ಬರೆದು, ಕೆಳಗೆ ಸಹಿ ಮಾಡಿ.