ಕೊರಿಯದ ಕಡುಬು, ನಮ್ಮ ಕೊಬ್ಬರಿ

ಹಂದನಕೆರೆಯ ಸೀಮೆಯಿಂದ ಬೆಂಗಳೂರಿಗೆ ಓದಲು ಹೋದವರು ಅಲ್ಲಿನ ಕೊರಿಯನ್ ಉಪಾಹಾರ ಗೃಹವೊಂದನ್ನು ಹೊಕ್ಕು ಹಬೆಯಾಡುವ ‘ಮಂಡು’ವನ್ನು ಕಂಡರೆ, ಇದು ನಮ್ಮ ಕಡುಬೇ ಅಲ್ಲವೆ ಎನ್ನಿಸದಿರದು, ಹೂರಣ ಮಾತ್ರ ಮಾಂಸದ್ದು, ಇಲ್ಲವೆ ಎಲೆಕೋಸಿನದು. ಶೋಕಿಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಮಂಡು ಬೀದಿಯ ತಿಂಡಿಯಾದ ಬಗೆ ವಿಚಾರಾರ್ಹವಾದುದು. ಗೋಧಿ ವಿರಳವಾಗಿದ್ದ ಆ ನಾಡಿನಲ್ಲಿ ಅದು ಹೊಸವರ್ಷದ ಭಕ್ಷ್ಯವಾಗಿತ್ತು. 1950–53ರ ಯುದ್ಧದ ತರುವಾಯ ಅಮೆರಿಕದ ನೆರವಿನ ಗೋಧಿ ಬಂದಿತು. ಅಕ್ಕಿಯನ್ನು ಉಳಿಸಿ ಹಿಟ್ಟಿನ ತಿನಿಸು ತಿನ್ನಿರೆಂದು 1960ರ ದಶಕದಲ್ಲಿ ಸರ್ಕಾರವೇ ಒತ್ತಾಯಿಸಿತು. ಅಗ್ಗದ ಅಂಗಡಿಗಳು ಬೆಳೆದದ್ದು ಹೀಗೆ, ಕೊರತೆಯ ಮಡಿಲಲ್ಲಿ.

ನಮ್ಮ ಕಡುಬಾದರೋ ಗೌರಿ-ಗಣೇಶರ ಹಬ್ಬವನ್ನು ದಾಟಿ ಅಂಗಡಿಗೆ ಬಂದದ್ದು ಕಡಿಮೆ. ಕೊಬ್ಬರಿ ಮಾತ್ರ ತಿಪಟೂರಿನ ಮಾರುಕಟ್ಟೆಯಿಂದ ಉಂಡೆಯಾಗಿಯೇ ಉತ್ತರದೇಶಕ್ಕೆ ಹೋಗುತ್ತದೆ. ಅದರ ಧಾರಣೆಯನ್ನು ಗೊತ್ತುಮಾಡುವುದು ಅಲ್ಲಿಯ ಹಬ್ಬ, ಮದುವೆಗಳ ಬೇಡಿಕೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದು ಬೆಳೆಗಾರ ಬೀದಿಗಿಳಿದ. 2025ರಲ್ಲಿ ಅದು ಗಗನಕ್ಕೇರಿದಾಗ ಹಲವು ತೋಟಗಳಲ್ಲಿ ಇಳುವರಿಯೇ ಇರಲಿಲ್ಲ. ವರ್ಷವಿಡೀ ಕಡುಬು ಬೇಯಿಸುವ ಒಂದು ಅಂಗಡಿ ಧಾರಣೆಯನ್ನು ಹಿಡಿದು ನಿಲ್ಲಿಸಲಾರದು, ನಿಜ. ಊರೂರಿಗೆ ಒಂದೊಂದಾದರೆ ತೋಟದ ಸಮೀಪದಲ್ಲಿಯೇ ಒಬ್ಬ ಗಿರಾಕಿಯಾದರೂ ಹುಟ್ಟಿಯಾನು.