ಸುಂಕದವನ ಮುಂದೆ ಸುಖದುಃಖ

ಸಂತೆ ಎಂದ ಮೇಲೆ ಸುಂಕ ಇದ್ದೇ ಇದೆ. ಹೊತ್ತು ತಂದ ಸೊಪ್ಪಿನ ಬುಟ್ಟಿಯನ್ನು ನೆಲಕ್ಕೆ ಇಳಿಸುವುದೇ ತಡ, ಗುತ್ತಿಗೆದಾರನ ಆಳು ಚೀಟಿ ಹರಿದು ಕೈಗೆ ಕೊಡುತ್ತಾನೆ. ಸೊಪ್ಪು ಮಾರಿತೋ ಬಾಡಿತೋ, ಅದು ಅವನಿಗೆ ಸಂಬಂಧಪಟ್ಟ ವಿಷಯವಲ್ಲ. ಬುಟ್ಟಿ ನೆಲ ಮುಟ್ಟಿತು, ಸುಂಕ ಬಿತ್ತು. ಅಷ್ಟೇ ಅವನ ಶಾಸ್ತ್ರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇಂಥ ಎಡೆಯಲ್ಲಿಯೇ ಹುಟ್ಟಿರಬೇಕು.

ಇಂದು ನೆಲವೇ ಇಲ್ಲದ ಸಂತೆಯೊಂದು ಜಗತ್ತಿನ ಉದ್ದಗಲಕ್ಕೂ ಹಗಲಿರುಳೆನ್ನದೆ ನೆರೆಯುತ್ತಿದೆ. ಅದಕ್ಕೆ ಬಯಲು ಬೇಡ, ಚಪ್ಪರ ಬೇಡ, ವಾರದ ಕಟ್ಟಳೆಯೂ ಬೇಡ. ಅಂತರ್ಜಾಲದ ಆ ಸಂತೆಯಲ್ಲಿ ಹಳೆಯ ಅಂಚೆಚೀಟಿ, ಸವೆದ ನಾಣ್ಯ, ಊರುಕೇರಿಗಳ ಚಿತ್ರವಿರುವ ಅಂಚೆಕಾರ್ಡು, ಆಟಗಾರರ ಭಾವಚಿತ್ರದ ಚೀಟಿ ಮುಂತಾದ ಸಂಗ್ರಹದ ವಸ್ತುಗಳನ್ನು ಮಾರುವ ಸಣ್ಣ ವ್ಯಾಪಾರಿಗಳ ಪಾಡು ಸೊಪ್ಪಿನ ಬುಟ್ಟಿಯವಳ ಪಾಡಿಗಿಂತ ಬಹಳ ಬೇರೆಯೇನೂ ಅಲ್ಲ. ವ್ಯತ್ಯಾಸ ಒಂದೇ: ಸೊಪ್ಪು ಸಂಜೆಗೆ ಬಾಡುತ್ತದೆ, ಅಂಚೆಚೀಟಿ ಬಾಡುವುದಿಲ್ಲ. ತನ್ನನ್ನೇ ಅರಸಿಕೊಂಡು ಬರುವ ಒಬ್ಬ ಗಿರಾಕಿಗಾಗಿ ಅದು ವರ್ಷಗಟ್ಟಲೆ ಕಾಯಬಲ್ಲುದು. ಸುಂಕದ ಭಾರ ಎಷ್ಟೆಂದು ವ್ಯಾಪಾರಿಗೆ ತಿಳಿಯುವುದೂ ಆ ಕಾಯುವ ಕಾಲದಲ್ಲಿಯೇ.

ಈ ಬಗೆಯ ಸಂತೆಗಳಲ್ಲಿ ಹಿರಿಯದು ಅಮೆರಿಕದ ಈಬೇ. ೧೯೯೫ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ಎಂಜಿನಿಯರು ಕ್ಯಾಲಿಫೋರ್ನಿಯದಲ್ಲಿ ಅದನ್ನು ‘ಆಕ್ಷನ್‌ವೆಬ್’ ಎಂಬ ಹೆಸರಿನಿಂದ ಪ್ರಾರಂಭಿಸಿದ. ಅಲ್ಲಿ ಮೊದಲು ಮಾರಾಟವಾದ ಪದಾರ್ಥ ಕೆಟ್ಟುಹೋದ ಒಂದು ಲೇಸರ್ ಕಡ್ಡಿ. ಬಂದ ಬೆಲೆ ೧೪.೮೩ ಡಾಲರು. ಕೆಟ್ಟ ಕಡ್ಡಿ ಯಾರಿಗೆ ಬೇಕೆಂದು ವಿಚಾರಿಸಿದಾಗ, ಕೊಂಡಾತ ಕೆಟ್ಟ ಲೇಸರ್ ಕಡ್ಡಿಗಳನ್ನೇ ಸಂಗ್ರಹಿಸುವವನೆಂದು ಗೊತ್ತಾಯಿತಂತೆ. ಹುಟ್ಟಿದಂದಿನಿಂದಲೂ ಆ ಸಂತೆಗೆ ಸಂಗ್ರಾಹಕನೇ ಅನ್ನದಾತ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲಲ್ಲಿ ಸುಂಕವಿರಲಿಲ್ಲ. ವ್ಯವಹಾರ ಬೆಳೆದಂತೆ, ಜಾಲದ ಸಂಪರ್ಕ ಕೊಡುತ್ತಿದ್ದ ಕಂಪನಿ ತಿಂಗಳಿಗೆ ೨೫೦ ಡಾಲರು ಕೇಳಿತು. ಒಮಿಡ್ಯಾರ್ ೧೯೯೬ರಲ್ಲಿ ಮಾರಾಟವಾದ ವಸ್ತುವಿನ ಮೇಲೆ ಮಾತ್ರ ಸಣ್ಣ ಸುಂಕವನ್ನು ವಿಧಿಸಿದ: ೨೫ ಡಾಲರಿನ ಒಳಗಾದರೆ ನೂರಕ್ಕೆ ೫, ಮೇಲಾದರೆ ನೂರಕ್ಕೆ ೨.೫. ವಸೂಲಿಗೆ ಆಳಿಲ್ಲ, ಒತ್ತಾಯವಿಲ್ಲ. ಜನರು ತಾವಾಗಿಯೇ ಚೆಕ್ಕುಗಳನ್ನು ಕಳುಹಿಸಿದರು. ಕೆಲವರು ರಟ್ಟಿನ ಚೀಟಿಗೆ ನಾಣ್ಯಗಳನ್ನು ಅಂಟಿಸಿ ಅಂಚೆಗೆ ಹಾಕಿದರು. ಸಂತೆಯೂ ಸುಂಕವೂ ಪರಸ್ಪರ ವಿಶ್ವಾಸದಿಂದ ನಡೆದ ಕಾಲ ಅದು.

ಬಳಿಕ ಬಂದದ್ದು ಪಟ್ಟಿಯ ಸುಂಕ. ವಸ್ತುವನ್ನು ಮಾರಾಟದ ಪಟ್ಟಿಗೆ ಏರಿಸಿದೊಡನೆ ತೆರಬೇಕಾದ ಹಣ ಅದು. ಮಾರಿದರೂ ಸರಿ, ಮಾರದಿದ್ದರೂ ಸರಿ. ಮಾರಾಟದ ಸುಂಕಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮಾರಾಟದ ಸುಂಕವನ್ನು ಪಡೆಯುವ ಸಂತೆಯ ಒಡೆಯ ವ್ಯಾಪಾರಿಯ ಲಾಭನಷ್ಟಗಳಲ್ಲಿ ಪಾಲುಗಾರ. ಸರಕು ಮಾರಿದರೆ ಇಬ್ಬರಿಗೂ ಊಟ, ಮಾರದಿದ್ದರೆ ಇಬ್ಬರಿಗೂ ಉಪವಾಸ. ಪಟ್ಟಿಯ ಸುಂಕದಲ್ಲಿ ಉಪವಾಸವೆಲ್ಲ ವ್ಯಾಪಾರಿಯೊಬ್ಬನ ಪಾಲಿಗೆ.

೨೦೦೮ರ ಪ್ರಾರಂಭದಲ್ಲಿದ್ದ ದರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹರಾಜಿನ ಆರಂಭದ ಬೆಲೆ ೧ ಡಾಲರಿನಿಂದ ೯.೯೯ ಡಾಲರಿನವರೆಗೆ ಇದ್ದರೆ ಪಟ್ಟಿಯ ಸುಂಕ ೪೦ ಸೆಂಟು. ಮಾರಿದರೆ ಮೊದಲ ೨೫ ಡಾಲರಿನ ಮೇಲೆ ನೂರಕ್ಕೆ ೫.೨೫. ಒಬ್ಬ ವ್ಯಾಪಾರಿ ಎರಡೆರಡು ಡಾಲರಿನ ನಾಲ್ಕು ಹಳೆಯ ಚಿತ್ರಕಾರ್ಡುಗಳನ್ನು ಏರಿಸಿದನೆಂದೂ, ಅವುಗಳಲ್ಲಿ ಒಂದು ಮಾತ್ರ ಮಾರಿತೆಂದೂ ಭಾವಿಸೋಣ. ನಾಲ್ಕಕ್ಕೂ ಪಟ್ಟಿಯ ಸುಂಕ ೧.೬೦ ಡಾಲರು, ಮಾರಿದ್ದರ ಮೇಲೆ ಹತ್ತೂವರೆ ಸೆಂಟು. ಕೈಗೆ ಬಂದ ಎರಡು ಡಾಲರಿನಲ್ಲಿ ಉಳಿದದ್ದು ೨೯ ಸೆಂಟಿಗೆ ಸ್ವಲ್ಪ ಹೆಚ್ಚು. ಹಣವನ್ನು ತಲುಪಿಸುವ ಪೇಪಾಲ್‌ನ ಶುಲ್ಕವೋ, ನೂರಕ್ಕೆ ೨.೯ರ ಜೊತೆಗೆ ೩೦ ಸೆಂಟು. ಅಲ್ಲಿಗೆ ಉಳಿದದ್ದೂ ಹೋಗಿ ಕೈಯಿಂದಲೇ ಆರು ಸೆಂಟು ಕೊಡಬೇಕಾಯಿತು. ಚಿತ್ರ ತೆಗೆದ ಶ್ರಮ, ವಿವರ ಬರೆದ ಸಮಯ, ಕಾರ್ಡನ್ನು ಕೊಳ್ಳಲು ಹಾಕಿದ ಬಂಡವಾಳ ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ನೂರು ಡಾಲರಿನ ನಾಣ್ಯವನ್ನು ಮಾರುವವನಿಗೆ ಈ ಚಿಲ್ಲರೆ ಸುಂಕ ಅಷ್ಟಾಗಿ ತಾಗದು. ಎರಡು ಡಾಲರಿನ ಸರಕಿನವನಿಗೆ ಅದೇ ಉರುಳು. ಸಂಗ್ರಹದ ವ್ಯಾಪಾರವಾದರೋ ಬಹುಮಟ್ಟಿಗೆ ಎರಡು ಡಾಲರಿನ ಸರಕುಗಳಿಂದಲೇ ಕೂಡಿದೆ. ಲಕ್ಷಾಂತರ ಡಾಲರು ಬಾಳುವ ಅಂಚೆಚೀಟಿಯ ಸುದ್ದಿ ವೃತ್ತಪತ್ರಿಕೆಯಲ್ಲಿ ಬರುತ್ತದೆ. ಹವ್ಯಾಸವನ್ನು ಉಳಿಸಿಕೊಂಡು ಬರುವುದು ಮಾತ್ರ ಹತ್ತು ಸೆಂಟಿನ, ಐವತ್ತು ಸೆಂಟಿನ ಚೀಟಿಗಳೇ.

ಇಂಥ ನಿಧಾನದ ಸರಕಿಗೆ ಆಸರೆಯಾಗಿ ಈಬೇಯಲ್ಲಿ ‘ಅಂಗಡಿ’ ಎಂಬ ಏರ್ಪಾಡು ೨೦೦೧ರಿಂದ ಇದ್ದಿತು. ತಿಂಗಳ ಬಾಡಿಗೆ ಕೊಟ್ಟವರು ತಮ್ಮ ದಾಸ್ತಾನನ್ನು ಅಲ್ಪ ಸುಂಕಕ್ಕೆ ಪಟ್ಟಿಯಲ್ಲಿ ಇಡಬಹುದಾಗಿತ್ತು. ೨೦೦೬ರ ಆಗಸ್ಟಿನಲ್ಲಿ ಆ ಸುಂಕ, ೨೫ ಡಾಲರಿನ ಒಳಗಿನ ವಸ್ತುವೊಂದಕ್ಕೆ ತಿಂಗಳಿಗೆ ೨ ಸೆಂಟು ಇದ್ದದ್ದು ೫ ಸೆಂಟಾಯಿತು. ಮೂರು ಸೆಂಟು ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಹನಿಗೂಡಿದರೆ ಹಳ್ಳ. ಐದು ಸಾವಿರ ಕಾರ್ಡುಗಳನ್ನು ಇಟ್ಟುಕೊಂಡ ಅಂಗಡಿಗೆ ತಿಂಗಳ ಸುಂಕ ೧೦೦ ಡಾಲರಿನಿಂದ ೨೫೦ ಡಾಲರಿಗೆ ಏರಿತು. ಅಂಗಡಿಗಳ ಸರಕು ಪಟ್ಟಿಯನ್ನು ತುಂಬಿಕೊಂಡಿದೆಯೇ ಹೊರತು ಮಾರಾಟವನ್ನು ತಕ್ಕಷ್ಟು ತರುತ್ತಿಲ್ಲವೆಂಬುದು ಕಂಪನಿಯ ವಾದ. ವಾದ ಸುಳ್ಳಲ್ಲ. ಆದರೆ ಅಪರೂಪದ ವಸ್ತುವಿನ ಧರ್ಮವೇ ಕಾಯುವುದು. ಬಟ್ಟೆಯ ಅಂಗಡಿಯ ಗಜಕಡ್ಡಿಯಿಂದ ಅದನ್ನು ಅಳೆದರೆ ಅಪರೂಪವೇ ಅಪರಾಧವಾಗಿ ಕಾಣುತ್ತದೆ.

೨೦೦೮ರ ಫೆಬ್ರವರಿಯಲ್ಲಿ ದರಗಳು ಮತ್ತೆ ಬದಲಾದವು. ಮೇಲೆ ಹೇಳಿದ ಪಟ್ಟಿಯ ಸುಂಕ ೪೦ ಸೆಂಟಿನಿಂದ ೩೫ಕ್ಕೆ ಇಳಿಯಿತು. ಮಾರಾಟದ ಸುಂಕ ನೂರಕ್ಕೆ ೫.೨೫ರಿಂದ ೮.೭೫ಕ್ಕೆ ಏರಿತು. ಕಂಪನಿ ಇದನ್ನು ಸುಂಕದ ಇಳಿತವೆಂದು ಸಾರಿತು. ನಾಲ್ಕರಲ್ಲಿ ಒಂದನ್ನು ಮಾತ್ರ ಮಾರುವವನಿಗೆ ಕೆಲವು ಸೆಂಟುಗಳ ಲಾಭವಾದದ್ದು ನಿಜವೇ. ಆದರೆ ಕಡಿಮೆ ಬೆಲೆಗೆ ಹರಾಜು ಕೂಗಿ ಒಂದು ಕಾರ್ಡನ್ನು ೨೦ ಡಾಲರಿಗೆ ಏರಿಸಬಲ್ಲ ನಿಪುಣನಿಗೆ ೧.೪೫ ಡಾಲರು ಇದ್ದ ಸುಂಕ ೨.೧೦ ಆಯಿತು. ಕೊಳ್ಳುವವರ ಬಗ್ಗೆ ಮಾರುವವರು ಕೆಟ್ಟ ಅಭಿಪ್ರಾಯವನ್ನು ದಾಖಲಿಸುವಂತಿಲ್ಲ ಎಂಬ ಹೊಸ ನಿಯಮವೂ ಅದರ ಜೊತೆಗೇ ಪ್ರಕಟವಾಯಿತು. ಸಿಟ್ಟಿಗೆದ್ದ ವ್ಯಾಪಾರಿಗಳು ಫೆಬ್ರವರಿ ೧೮ರಿಂದ ಒಂದು ವಾರ ಸರಕನ್ನು ಹೊರಗಿಡದೆ ಬಹಿಷ್ಕಾರ ಹೂಡಿದರು. ವಾರ ಕಳೆಯಿತು, ಸುಂಕ ಇಳಿಯಲಿಲ್ಲ.

ಹಾಗಾದರೆ ಬೇರೆ ಸಂತೆಗೆ ಹೋಗಬಾರದೇಕೆ? ಪ್ರಶ್ನೆ ಸಹಜ. ಉತ್ತರ ಯಾಹೂವಿನ ಕಥೆಯಲ್ಲಿದೆ. ಯಾಹೂ ಕಂಪನಿ ೧೯೯೮ರಲ್ಲಿ ಸುಂಕವಿಲ್ಲದ ಹರಾಜುಕಟ್ಟೆಯನ್ನು ತೆರೆಯಿತು. ಬಿಟ್ಟಿ ಎಂದಮೇಲೆ ಸರಕಿಗೆ ಕೊರತೆಯೇ? ರಾಶಿ ರಾಶಿಯಾಗಿ ಬಂದು ಬಿತ್ತು. ೨೦೦೧ರ ಜನವರಿಯಲ್ಲಿ ಪಟ್ಟಿಯ ಸುಂಕವನ್ನು ವಿಧಿಸಿದ್ದೇ ತಡ, ಕಟ್ಟೆಯ ಬಹುಭಾಗ ಬರಿದಾಯಿತು. ೨೦೦೫ರಲ್ಲಿ ಸುಂಕವನ್ನು ತೆಗೆದುಹಾಕಿದರೂ ಹೋದ ಜನ ಹಿಂದಿರುಗಲಿಲ್ಲ. ೨೦೦೭ರಲ್ಲಿ ಅಮೆರಿಕದಲ್ಲಿ ಆ ಕಟ್ಟೆಗೆ ಬೀಗ ಬಿತ್ತು. ಕೊಳ್ಳುವವರು ಸರಕು ಇರುವಲ್ಲಿಗೆ ಬರುತ್ತಾರೆ. ಮಾರುವವರು ಕೊಳ್ಳುವವರಿರುವಲ್ಲಿಗೆ ಹೋಗುತ್ತಾರೆ. ಒಮ್ಮೆ ನೆರೆದ ಸಂತೆಯನ್ನು ಇನ್ನೊಂದು ಬಯಲಿಗೆ ಸಾಗಿಸುವುದು ಹರಿಯುವ ಹೊಳೆಯನ್ನು ತಿರುಗಿಸುವಷ್ಟೇ ಕಷ್ಟ. ಸುಂಕದವನ ಬಲವಿರುವುದು ಅವನ ದೊಣ್ಣೆಯಲ್ಲಲ್ಲ, ಈ ನೆರವಿಯಲ್ಲಿ.

ಸುಂಕ ಏರಿದಾಗ ವ್ಯಾಪಾರಿ ಸುಮ್ಮನೆ ಕುಳಿತಿರುವುದಿಲ್ಲ. ಕೆಲವರು ವಸ್ತುವಿನ ಬೆಲೆಯನ್ನು ತಗ್ಗಿಸಿ, ಅಂಚೆವೆಚ್ಚವನ್ನು ಹಿಗ್ಗಿಸಿ ಸುಂಕದಿಂದ ನುಣುಚಿಕೊಂಡರು. ೨೦೧೧ರಲ್ಲಿ ಈಬೇ ಅಂಚೆವೆಚ್ಚದ ಮೇಲೂ ಸುಂಕ ಹಾಕಿತು. ಚಾಪೆಯ ಕೆಳಗೆ ನುಸುಳಿದವನಿಗಾಗಿ ರಂಗೋಲಿಯ ಕೆಳಗೆ ನುಸುಳುವ ಉಪಾಯ ಅದು. ಆದರೆ ಅಂಚೆವೆಚ್ಚವನ್ನು ಇದ್ದಷ್ಟೇ ಪಡೆಯುತ್ತಿದ್ದ ಪ್ರಾಮಾಣಿಕನಿಗೂ ಅದೇ ಶಿಕ್ಷೆಯಾಯಿತು.

ಈಚಿನ ದರಗಳಲ್ಲಿ ಪಟ್ಟಿಯ ಸುಂಕದ ಉಗ್ರತೆ ತಗ್ಗಿದೆ. ಅಮೆರಿಕದಲ್ಲಿ ಸಾಮಾನ್ಯ ವ್ಯಾಪಾರಿಗೆ ತಿಂಗಳಿಗೆ ೨೫೦ ವಸ್ತುಗಳವರೆಗೆ ಪಟ್ಟಿ ಬಿಟ್ಟಿ. ಅದರಾಚೆಗೆ ಒಂದೊಂದಕ್ಕೆ ೩೫ ಸೆಂಟು. ಬದಲಾಗಿ, ೨೦೨೫ರ ಫೆಬ್ರವರಿಯಲ್ಲಿ ಗೊತ್ತುಮಾಡಿದಂತೆ, ಬಹುತೇಕ ವಿಭಾಗಗಳಲ್ಲಿ ಮಾರಾಟದ ಸುಂಕ ನೂರಕ್ಕೆ ೧೩.೬. ಇದರ ಮೇಲೆ ೧೦ ಡಾಲರಿನವರೆಗಿನ ಪ್ರತಿ ಬೇಡಿಕೆಗೆ ೩೦ ಸೆಂಟು, ಅದಕ್ಕೆ ಮೇಲ್ಪಟ್ಟದ್ದಕ್ಕೆ ೪೦ ಸೆಂಟು. ಅಂಚೆವೆಚ್ಚವೂ ಸೇರಿ ೧೦೦ ಡಾಲರಿನ ವ್ಯಾಪಾರವಾದರೆ ಸುಂಕ ೧೪ ಡಾಲರು. ಅಂದರೆ ನೂರಕ್ಕೆ ೧೪. ಎರಡು ಡಾಲರಿನ ವ್ಯಾಪಾರವಾದರೆ ೫೭ ಸೆಂಟು. ಅಂದರೆ ನೂರಕ್ಕೆ ೨೮ಕ್ಕೂ ಹೆಚ್ಚು. ಹೆಸರು ಬದಲಾಯಿತು, ಭಾರ ಹಳೆಯ ಹೆಗಲ ಮೇಲೆಯೇ ಉಳಿಯಿತು.

ಇದರ ಪರಿಣಾಮ ವ್ಯಾಪಾರಿಯ ಚೀಲದಲ್ಲಿಯೇ ನಿಲ್ಲುವುದಿಲ್ಲ. ಅಗ್ಗದ ಅಂಚೆಚೀಟಿಗಳನ್ನು ಬಿಡಿಯಾಗಿ ಮಾರುವುದು ಗಿಟ್ಟದೆಂದು ಅವನ್ನು ನೂರರ ಕಟ್ಟು ಮಾಡಿ ಮಾರತೊಡಗುತ್ತಾರೆ. ಒಂದು ಚೀಟಿ ಬೇಕಾದ ಬಾಲಕನು ಬೇಡದ ತೊಂಬತ್ತೊಂಬತ್ತನ್ನೂ ಕೊಳ್ಳಬೇಕಾಗುತ್ತದೆ. ಯಾವುದೋ ಸಣ್ಣ ಊರಿನ ರೈಲ್ವೆ ನಿಲ್ದಾಣದ, ಈಗ ಇಲ್ಲದ ಸೇತುವೆಯ, ಹಳೆಯ ಚಿತ್ರಕಾರ್ಡು ಪಟ್ಟಿಗೆ ಏರದೆ ಪೆಟ್ಟಿಗೆಯ ತಳದಲ್ಲಿ ಉಳಿಯುತ್ತದೆ. ಆ ಊರಿನ ಚರಿತ್ರೆಯನ್ನು ಬರೆಯುವವನಿಗೆ ಅದು ಬೇಕಾಗಿತ್ತು. ಆದರೆ ಅಂಥದೊಂದು ಇದೆಯೆಂಬುದೇ ಅವನಿಗೆ ತಿಳಿಯುವುದಿಲ್ಲ. ಇಂಥ ವ್ಯಾಪಾರ ಅನೇಕರಿಗೆ ನಿವೃತ್ತಿಯ ನಂತರದ ಸಣ್ಣ ಆದಾಯ. ಕೆಲವರಿಗೆ ತೀರಿಹೋದ ಹಿರಿಯರ ಸಂಗ್ರಹವನ್ನು ಯೋಗ್ಯರ ಕೈಗೆ ಸೇರಿಸುವ ದಾರಿ. ಬಾಗಿಲ ಬಳಿಯ ಸುಂಕ ಹೆಚ್ಚಿದಾಗ ಮೊದಲು ಹಿಂದಿರುಗುವವರು ಇವರೇ.

ಸಂತೆಯ ಒಡೆಯನ ಕಡೆಗೂ ನ್ಯಾಯವಿದೆ. ಯಂತ್ರಗಳ ವೆಚ್ಚ, ಮೋಸಗಾರರ ಕಾಟ, ಜಾಹೀರಾತು ಇವೆಲ್ಲ ಅವನ ತಲೆಯ ಮೇಲಿವೆ. ಪಟ್ಟಿ ಪೂರ್ತಿ ಬಿಟ್ಟಿಯಾದರೆ ಕಸವೂ ಬಂದು ಬೀಳುತ್ತದೆ. ಕಸದಲ್ಲಿ ರತ್ನವನ್ನು ಹುಡುಕಲಾರದೆ ಗಿರಾಕಿ ಬೇಸರಗೊಳ್ಳುತ್ತಾನೆ. ಹಿಂದಿನ ಕಾಲದಲ್ಲಾದರೂ ಅಂಚೆಚೀಟಿಯ ವ್ಯಾಪಾರಿ ಮೇಳಗಳಲ್ಲಿ ಮೇಜಿಗೆ ಬಾಡಿಗೆ ಕೊಡುತ್ತಿದ್ದ. ಹರಾಜಿನ ಮನೆಗಳಿಗೆ ದಲಾಲಿ ತೆರುತ್ತಿದ್ದ. ಸುಂಕವೇ ಇರಬಾರದೆಂದು ವಿವೇಕಿಯಾದ ಯಾವ ವ್ಯಾಪಾರಿಯೂ ಕೇಳಲಾರ. ಅವನ ದೂರು ಇರುವುದು ಎರಡು ಅಂಶಗಳ ಮೇಲೆ: ಸರಕಿನ ಗಾತ್ರವನ್ನು ನೋಡದ ಚಿಲ್ಲರೆ ಸುಂಕ ಒಂದು, ದರವನ್ನು ಏರಿಸುವಾಗ ತೆರುವವನನ್ನು ಕೇಳದಿರುವುದು ಇನ್ನೊಂದು. ಊರ ಸಂತೆಯ ಸುಂಕವನ್ನು ಪಂಚಾಯಿತಿ ಏರಿಸಿದರೆ ಸದಸ್ಯನ ಮನೆಯ ಬಾಗಿಲು ತಟ್ಟಬಹುದು. ಇಲ್ಲಿ ತಟ್ಟುವುದಕ್ಕೆ ಬಾಗಿಲೇ ಇಲ್ಲ.

ಒಡೆಯರೂ ಕೆಲವೊಮ್ಮೆ ಪಾಠ ಕಲಿಯುತ್ತಾರೆ. ಚೀಟಿಗಳನ್ನು ಅಗ್ಗವಾಗಿ ಕಳುಹಿಸುವ ವಿಶೇಷ ಲಕೋಟೆಯ ಏರ್ಪಾಡನ್ನು ಈಬೇ ೨೦೨೧ರಲ್ಲಿ ಅಮೆರಿಕದಲ್ಲಿ ತಂದಿತು. ಜರ್ಮನಿಯಲ್ಲಿ ೨೦೨೩ರಿಂದ, ಬ್ರಿಟನ್ನಿನಲ್ಲಿ ೨೦೨೪ರಿಂದ ಖಾಸಗಿಯಾಗಿ ಮಾರುವವರಿಗೆ ಮಾರಾಟದ ಸುಂಕವನ್ನೇ ಬಿಟ್ಟುಕೊಟ್ಟಿತು. ಬ್ರಿಟನ್ನಿನಲ್ಲಿ ಮರುವರ್ಷವೇ ಕೊಳ್ಳುವವರ ಮೇಲೆ ಶುಲ್ಕವೊಂದು ಬಂದಿತೆಂಬುದು ಬೇರೆಯ ಮಾತು. ಇತ್ತ ಕೈಕಸುಬಿನ ಮತ್ತು ಹಳೆಯ ಕಾಲದ ಸಾಮಾನುಗಳ ಸಂತೆಯಾದ ಎಟ್ಸಿ ೨೦೨೨ರಲ್ಲಿ ಮಾರಾಟದ ಸುಂಕವನ್ನು ನೂರಕ್ಕೆ ೫ರಿಂದ ೬.೫ಕ್ಕೆ ಏರಿಸಿದಾಗ, ಸಾವಿರಾರು ಮಂದಿ ಏಪ್ರಿಲಿನಲ್ಲಿ ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅಲ್ಲಿಯೂ ಸುಂಕ ಇಳಿಯಲಿಲ್ಲ.

ನಮ್ಮ ದೇಶದ ಸಂಗ್ರಾಹಕರಿಗೆ ಈ ಕಥೆ ಅಪರಿಚಿತವಲ್ಲ. ಬಾಜೀ ಡಾಟ್ ಕಾಮ್ ಎಂಬ ಭಾರತೀಯ ಸಂತೆಯನ್ನು ಈಬೇ ೨೦೦೪ರಲ್ಲಿ ಕೊಂಡಿತು. ೨೦೧೭ರಲ್ಲಿ ಭಾರತದ ವ್ಯವಹಾರವನ್ನು ಫ್ಲಿಪ್‌ಕಾರ್ಟಿಗೆ ವಹಿಸಿತು. ೨೦೧೮ರ ಆಗಸ್ಟಿನಲ್ಲಿ ಆ ಸಂತೆ ಮುಚ್ಚಿಯೇಹೋಯಿತು. ಅದನ್ನೇ ನಂಬಿ ನಾಣ್ಯ, ಅಂಚೆಚೀಟಿಗಳನ್ನು ಮಾರುತ್ತಿದ್ದವರು ಹೊಸ ಬಯಲನ್ನು ಹುಡುಕಬೇಕಾಯಿತು. ಸುಂಕದ ಏರಿಕೆಗಿಂತಲೂ ದೊಡ್ಡ ಅಪಾಯ ಇದು: ಪರರ ಬಯಲಿನಲ್ಲಿ ಹಾಕಿದ ಚಪ್ಪರ ಯಾವ ದಿನವಾದರೂ ಕಳಚಬೇಕಾದೀತು.

ಆದಕಾರಣ ಸಣ್ಣ ವ್ಯಾಪಾರಿಗೆ ಉಳಿದಿರುವುದು ಹಳೆಯ ವಿವೇಕವೇ. ಪ್ರತಿ ವಸ್ತುವಿನ ಮೇಲೂ ಬೀಳುವ ಸುಂಕವನ್ನು ಬರೆದಿಡುವುದು, ಇರುವ ಸರಕನ್ನೆಲ್ಲ ಒಂದೇ ಸಂತೆಗೆ ಹೊರದಿರುವುದು, ಒಮ್ಮೆ ಬಂದ ಗಿರಾಕಿ ಮುಂದೆ ಸಂಘದ ಕೂಟಕ್ಕೋ ಮೇಳಕ್ಕೋ ಬಂದಾಗ ಗುರುತು ಹಿಡಿಯುವಂತೆ ಸ್ನೇಹವನ್ನು ಬೆಳೆಸಿಕೊಳ್ಳುವುದು. ಒಡೆಯರಿಗೂ ಹೇಳಬೇಕಾದ ಮಾತು ಒಂದಿದೆ. ಸುಂಕದವನು ಸುಖದುಃಖವನ್ನು ಕೇಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಆದರೆ ಸೊಪ್ಪಿನವರು, ಸೂಜಿದಾರದವರು ಬರುವುದನ್ನು ಬಿಟ್ಟ ಸಂತೆಗೆ ಜವಳಿಯ ಗಿರಾಕಿಗಳೂ ಹೆಚ್ಚು ದಿನ ಬರುವುದಿಲ್ಲ. ಬಯಲು ಬರಿದಾದ ದಿನ ಸುಂಕದವನ ಚೀಲವೂ ಬರಿದೇ.