ನಂಜುಂಡನಿಗೆ ಕನ್ನಡ ಬರುತ್ತೆ, ಸ್ವಾಮಿ

ನಂಜು ಅಂದರೆ ವಿಷ. ಉಂಡ ಅಂದರೆ ಉಂಡವನು. ಎರಡೂ ನಮ್ಮ ಮಾತು. ನಂಜನಗೂಡಿನ ದೇವರಿಗೆ ಹೆಸರಿಟ್ಟವರು ಯಾವ ಭಾಷೆ ಆಡುತ್ತಿದ್ದರು ಅಂತ ಪಂಡಿತರನ್ನು ಕೇಳಬೇಕಾಗಿಲ್ಲ. ಆದರೆ ಗೋಪುರ ದಾಟಿ ಒಳಗೆ ಹೋಗುತ್ತಿದ್ದಂತೆ ನಂಜುಂಡ ಶ್ರೀಕಂಠೇಶ್ವರನಾಗುತ್ತಾನೆ. ಊರು ಗರಳಪುರಿಯಾಗುತ್ತದೆ. ಅದೂ ಸಾಲದೆ ದಕ್ಷಿಣ ಕಾಶಿಯಾಗುತ್ತದೆ. ಕಪಿಲೆಯ ಜೊತೆ ಕೆಳಗೆ ನಡೆದರೆ ತಿರುಮಕೂಡಲು. ಹೊಳೆಗಳು ಕೂಡುವ ಜಾಗವನ್ನು ನಮ್ಮ ಜನ ಕೂಡಲು ಅಂದರು. ಈಗ ಅದು ದಕ್ಷಿಣ ಪ್ರಯಾಗ. 1989ರಿಂದ ಅಲ್ಲಿ ಕುಂಭಮೇಳ ಶುರುವಾಯಿತು, 2025ರ ಫೆಬ್ರವರಿಯಲ್ಲೂ ನಡೆಯಿತು. ಕಾವೇರಿ, ಕಪಿಲೆ ಗಂಗೆಯಿಂದ ಸರ್ಟಿಫಿಕೇಟು ತಂದು ಹರಿಯಬೇಕೆ?

ಹೆಸರಿನಲ್ಲೇನಿದೆ ಬಿಡಪ್ಪ ಅನ್ನುವವರಿದ್ದಾರೆ. ಬಿಡೋಣ, ಗುಡಿಯ ಒಳಗೇ ಹೋಗೋಣ. ಹುಂಡಿಯ ಮೇಲೆ ಯಾವ ಭಾಷೆ? ಕನ್ನಡ. ಸೇವೆಗಳ ದರಪಟ್ಟಿ? ಕನ್ನಡ. ಮುಜರಾಯಿ ಇಲಾಖೆಯ ರಸೀದಿ? ಕನ್ನಡ. ದುಡ್ಡು ಕೇಳುವಾಗ ದೇವರಿಗೆ ಎಷ್ಟು ಚೆನ್ನಾಗಿ ಕನ್ನಡ ಬರುತ್ತೆ! ದುಡ್ಡು ಕೊಟ್ಟು ಗರ್ಭಗುಡಿಯ ಮುಂದೆ ನಿಂತ ಗಳಿಗೆಯಲ್ಲೇ ಅವನಿಗೆ ಕನ್ನಡ ಮರೆತುಹೋಗುತ್ತೆ. ನಮ್ಮ ಪರವಾಗಿ ಯಾರೋ ಏನೋ ಹೇಳುತ್ತಾರೆ. ಏನು ಹೇಳಿದರು ಅಂತ ನಮಗೆ ಗೊತ್ತಾಗುವುದಿಲ್ಲ. ಕೇಳಿದರೆ, 'ಮಂತ್ರಕ್ಕೆ ಅರ್ಥ ಕೇಳಬಾರದು.' ವಕೀಲ ಕಕ್ಷಿದಾರನಿಗೆ ಅರ್ಥವಾಗದ ಭಾಷೆಯಲ್ಲಿ ವಾದ ಮಾಡಿ, ಫೀಸು ತೆಗೆದುಕೊಂಡು, 'ಏನು ಹೇಳಿದೆ ಅಂತ ಕೇಳಬೇಡ' ಅಂದರೆ ನೀವು ಒಪ್ಪುತ್ತೀರಾ?

ಇದು ಇವತ್ತಿನ ಆಟವಲ್ಲ. ತಲಕಾಡಿನಿಂದ ಆಳಿದ ಗಂಗರ ತಾಮ್ರಶಾಸನಗಳನ್ನು ತೆಗೆದು ನೋಡಿ. ದೊರೆಯ ವಂಶ, ಅವನ ಪರಾಕ್ರಮ, ದಾನ ಪಡೆದವನ ಗೋತ್ರ, ಎಲ್ಲ ಸಂಸ್ಕೃತದಲ್ಲಿರುತ್ತದೆ. ಕೊಟ್ಟ ಭೂಮಿಯ ಎಲ್ಲೆ ಗುರುತಿಸುವ ಹೊತ್ತು ಬಂತೋ, ಹಲವು ಶಾಸನಗಳು ಕನ್ನಡಕ್ಕಿಳಿಯುತ್ತವೆ. ಯಾಕೆ? ಕೆರೆ ಕೋಡಿ ಎಲ್ಲಿ, ಹುಣಸೇಮರ ಎಲ್ಲಿ, ಹಳ್ಳ ಎಲ್ಲಿ ತಿರುಗುತ್ತೆ ಅನ್ನುವುದು ಉಳುವವನಿಗೆ ತಿಳಿಯಬೇಕಲ್ಲ. ಗೌರವಕ್ಕೆ ಸಂಸ್ಕೃತ, ಗೇಯ್ಮೆಗೆ ಕನ್ನಡ. ಸಾವಿರ ವರ್ಷಕ್ಕೂ ಹಿಂದೆ ತಾಮ್ರದ ಮೇಲೆ ಕೊರೆದ ಈ ಪಾಲುಪಟ್ಟಿಯನ್ನೇ ಹುಂಡಿಯೂ ಗರ್ಭಗುಡಿಯೂ ಇವತ್ತಿಗೂ ನಡೆಸಿಕೊಂಡು ಬರುತ್ತಿವೆ.

'ಭಾಷೆ ಏನು ಮಾಡಿತು ಪಾಪ, ಅದು ಎಲ್ಲರದು' ಅಂತ ಈಗ ಹೇಳುತ್ತಾರೆ. ಎಲ್ಲರದು ಯಾವತ್ತಿನಿಂದ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಲೋಹ, ಅರಗು ಸುರಿಯಬೇಕು, ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು ಅಂತ ಗೌತಮ ಧರ್ಮಸೂತ್ರ ವಿಧಿಸಿತು. ಎಲ್ಲವೂ ಬ್ರಹ್ಮ ಅಂದ ಶಂಕರಾಚಾರ್ಯರೇ ಬ್ರಹ್ಮಸೂತ್ರದ ಭಾಷ್ಯದಲ್ಲಿ ಶೂದ್ರನಿಗೆ ಅಧಿಕಾರವಿಲ್ಲ ಅನ್ನಲು ಈ ಮಾತನ್ನು ಸಾಕ್ಷಿಗೆ ಕರೆದರು. ಶೂದ್ರನಿಗೇ ಈ ಗತಿಯಾದರೆ ಊರಾಚೆಯ ನಮ್ಮ ಮಾತೇನು? ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದು ಆಸೆಪಟ್ಟಾಗ ಅವರಿಗೆ ಸಿಕ್ಕಿದ್ದು ಪರ್ಷಿಯನ್. ಅದು ಬರೀ ನೂರು ಚಿಲ್ಲರೆ ವರ್ಷದ ಹಿಂದಿನ ಮಾತು.

'1949ರಲ್ಲಿ ಸಂಸ್ಕೃತ ಅಧಿಕೃತ ಭಾಷೆಯಾಗಲಿ ಅಂತ ನಿಮ್ಮ ಅಂಬೇಡ್ಕರರೇ ಸಹಿ ಹಾಕಿದ್ದರಲ್ಲ' ಎಂದು ಕೆಲವರು ಜೇಬಿನಿಂದ ಚೀಟಿ ತೆಗೆಯುತ್ತಾರೆ. ಹಾಕಿದ್ದರು. ಅದೇ ಮನುಷ್ಯ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. 1946ರ 'ಶೂದ್ರರು ಯಾರು?' ಪುಸ್ತಕದಲ್ಲಿ ವೇದ, ಸ್ಮೃತಿಗಳನ್ನೇ ಕಟಕಟೆ ಹತ್ತಿಸಿದರು. ಆ ಸಹಿಯನ್ನು ತೋರಿಸುವವರು ಆ ಬೂದಿಯನ್ನೂ ಹಣೆಗೆ ಹಚ್ಚಿಕೊಳ್ಳಲಿ, ಆಮೇಲೆ ಮಾತಾಡೋಣ. ಸಂಸ್ಕೃತದಲ್ಲಿ ಬರೆದದ್ದೆಲ್ಲ ವಿಷ ಅಂತ ನಾನು ಹೇಳುತ್ತಿಲ್ಲ. ಅಶ್ವಘೋಷನ ಹೆಸರಿನಲ್ಲಿರುವ 'ವಜ್ರಸೂಚಿ' ಜಾತಿಯನ್ನು ಸಂಸ್ಕೃತದಲ್ಲೇ ಚುಚ್ಚಿದೆ. ಯಾವ ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಾರೆ, ಹೇಳಿ. ಬುದ್ಧನ ಕಾಲದಲ್ಲೇ, ಬ್ರಾಹ್ಮಣರಾಗಿ ಹುಟ್ಟಿದ್ದ ಇಬ್ಬರು ಭಿಕ್ಷುಗಳು ಅವನ ಮಾತನ್ನು ಛಂದಸ್ಸಿಗೆ ಹೊಂದಿಸುತ್ತೇವೆ ಅಂದರಂತೆ. ಬುದ್ಧ ಬೇಡ ಅಂದ. ಜನ ಅವರವರ ನುಡಿಯಲ್ಲೇ ಕಲಿಯಲಿ ಅಂದ. ಆ ಒಂದು ಮಾತಿನ ಎದುರಿಗೆ ನಿಮ್ಮ ದೇವಭಾಷೆಯ ಹಮ್ಮು ನಿಲ್ಲುತ್ತದೆಯೇ?

ನಂಜನಗೂಡಿನ ಗುಡಿಯಲ್ಲೇ ಅರವತ್ತಮೂವರು ಪುರಾತನರ ವಿಗ್ರಹಗಳಿವೆ. ಅವರಲ್ಲಿ ಮಾಂಸದ ಎಡೆ ಇಟ್ಟ ಬೇಡರ ಕಣ್ಣಪ್ಪನಿದ್ದಾನೆ. ಚಿದಂಬರದ ಹೊರಗೆ ನಿಂತ ಹೊಲೆಯರ ನಂದನಿದ್ದಾನೆ. ಬೆಂಕಿಯೊಳಗೆ ಹಾದು ಬಂದ ಮೇಲೆಯೇ ನಂದನಿಗೆ ಒಳಗೆ ಜಾಗ ಸಿಕ್ಕಿತು ಅಂತ ಪುರಾಣವೇ ಒಪ್ಪಿಕೊಳ್ಳುತ್ತದೆ. ಇವರನ್ನು ಹಾಡಿದ್ದು ತಮಿಳು. ಟಿಪ್ಪು ಸುಲ್ತಾನ ಈ ದೇವರನ್ನು 'ಹಕೀಮ ನಂಜುಂಡ' ಅಂದನಂತೆ. ಆನೆಯ ಕಣ್ಣು ವಾಸಿಯಾಯಿತು ಅಂತ ಪಚ್ಚೆಲಿಂಗ ಕೊಟ್ಟನಂತೆ. ಹಕೀಮ ಅಂದರೂ ಓಗೊಟ್ಟ ದೇವರು 'ಅಪ್ಪೋ ನಂಜುಂಡಪ್ಪ, ಮಗಳ ಹೆರಿಗೆ ಸಲೀಸು ಮಾಡಪ್ಪ, ಮುಡಿ ಕೊಡ್ತೀನಿ' ಅನ್ನುವ ನನ್ನವ್ವನ ಮಾತು ಕೇಳಿಸದಷ್ಟು ಕಿವುಡನೆ?

ಅವ್ವನಂಥವರ ದೇವರುಗಳು ಯಾವತ್ತೂ ಸಂಸ್ಕೃತ ಕೇಳಲಿಲ್ಲ. ನೀಲಗಾರರು ತಂಬೂರಿ ಹಿಡಿದು, ಗಗ್ಗರ ಕಟ್ಟಿ ರಾತ್ರಿಯಿಡೀ ಮಂಟೇಸ್ವಾಮಿಯನ್ನು ಕನ್ನಡದಲ್ಲಿ ಎಬ್ಬಿಸುತ್ತಾರೆ. ದೇವರಗುಡ್ಡರ ಕಂಸಾಳೆಗೆ ಮಾದಪ್ಪ ಏಳುಮಲೆ ಇಳಿದು ಬರುತ್ತಾನೆ. ಸುತ್ತೂರು ಮಠದಲ್ಲಿ ರಾಗಿ ಬೀಸಿದ ದೇವರು ಅವನು! ನಂಜುಂಡ ಚಾಮುಂಡಿಯ ಹಿಂದೆ ಬಿದ್ದ ಕಥೆಯನ್ನು ನಮ್ಮ ಹೆಂಗಸರು ನಾಟಿ ಗದ್ದೆಯಲ್ಲಿ ನಗುನಗುತ್ತಾ ಹಾಡುತ್ತಾರೆ. ದೇವರಿಗೆ ಸವತಿ ಜಗಳ ತಂದಿಡುವಷ್ಟು ಸಲಿಗೆ ನಮ್ಮದು. ಈ ಸಲಿಗೆಯನ್ನೇ ಸಂಸ್ಕೃತ ಕಿತ್ತುಕೊಂಡಿತು. ನಮಗೂ ನಮ್ಮ ದೇವರಿಗೂ ನಡುವೆ ಒಬ್ಬ ದಲ್ಲಾಳಿಯನ್ನು ಕೂರಿಸಿತು.

ಈಗ ಕನ್ನಡ ಕನ್ನಡ ಅಂತ ಚಪ್ಪಾಳೆ ತಟ್ಟುವ ಗೆಳೆಯರಿಗೂ ಒಂದು ಮಾತು. 1993ರಲ್ಲಿ ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರನ್ನು ಕೊಂದರು. ದಲಿತರು ಸಿದ್ದೇಶ್ವರನ ಗುಡಿಯೊಳಗೆ ಕಾಲಿಟ್ಟದ್ದು ಅದರ ಹಿಂದಿದ್ದ ಕಿಚ್ಚು. ಕೊಂದವರು ಸಂಸ್ಕೃತ ಆಡುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ನಾನು ಸಂಸ್ಕೃತ ತಗೋತೀನಿ ಅಂದಾಗ, 'ನಿನ್ನ ನಾಲಿಗೆ ಅದಕ್ಕೆ ಹೊರಳುತ್ತೇನೋ?' ಅಂತ ಮೇಷ್ಟ್ರೊಬ್ಬರು ಕೇಳಿದ್ದು ಸೊಗಸಾದ ಕನ್ನಡದಲ್ಲೇ. 'ದೂರ ನಿಲ್ಲು' ಅನ್ನುವುದು ಕನ್ನಡ. ಕೇರಿ ಅನ್ನುವುದು ಕನ್ನಡ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಬೀದಿಗಿಳಿದು ಅವರ ಮಂತ್ರಿಗಿರಿ ಕಿತ್ತವರು ಕನ್ನಡದ ಮಕ್ಕಳೇ. ಬೀಗ ಮಾಡಿದ್ದು ಸಂಸ್ಕೃತ ಇರಬಹುದು, ಕೀಲಿಕೈ ಮಾತ್ರ ಕನ್ನಡ ಮಾತಾಡುವವರ ಉಡಿದಾರದಲ್ಲೂ ನೇತಾಡುತ್ತಿದೆ. ಮಂತ್ರ ಕನ್ನಡಕ್ಕೆ ಬಂದು, ಹೇಳುವವನ ಜಾತಿ ಮಾತ್ರ ಹಾಗೇ ಉಳಿದರೆ ನಮಗೆ ಬಂದ ಭಾಗ್ಯವೇನು?

ಇನ್ನು ಸರ್ಕಾರದ ಲೆಕ್ಕ. 2011ರ ಜನಗಣತಿಯಲ್ಲಿ ಸಂಸ್ಕೃತ ನಮ್ಮ ಮಾತೃಭಾಷೆ ಅಂದವರು ಇಡೀ ದೇಶದಲ್ಲಿ 24,821 ಜನ. ಕನ್ನಡ ಅಂದವರು 4 ಕೋಟಿ 37 ಲಕ್ಷ. 2014-15ರಿಂದ 2024-25ರವರೆಗೆ ಕೇಂದ್ರ ಸರ್ಕಾರ ಸಂಸ್ಕೃತಕ್ಕೆ ಸುರಿದದ್ದು 2,500 ಕೋಟಿ ರೂಪಾಯಿಗೂ ಹೆಚ್ಚು. ಕನ್ನಡ, ತಮಿಳು, ತೆಲುಗು, ಮಲಯಾಳ, ಒಡಿಯಾ ಐದೂ ಶಾಸ್ತ್ರೀಯ ಭಾಷೆಗಳಿಗೆ ಸೇರಿ ಕೊಟ್ಟದ್ದು 150 ಕೋಟಿಯೊಳಗೆ. ಮಾಹಿತಿ ಹಕ್ಕಿನಲ್ಲಿ ಹೊರಬಿದ್ದು 2025ರಲ್ಲಿ ಪತ್ರಿಕೆಗಳಲ್ಲಿ ಬಂದ ಅಂಕಿ ಇದು. ಇದರಲ್ಲಿ ನೀಲಗಾರನ ತಂಬೂರಿಯ ತಂತಿಗೆ ಎಷ್ಟು ಬಂತು?

ಹಾಗಾದರೆ ನಮಗೇನು ಬೇಕು? ಚಿಕ್ಕಮಗಳೂರಿನ ಹಿರೇಮಗಳೂರಿನಲ್ಲಿ ಕಣ್ಣನ್ ಅವರು ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ಮಾಡಿ ತೋರಿಸಿದ್ದಾರೆ. ರಾಮ ಎದ್ದು ಹೋಗಲಿಲ್ಲ. ಅದು ಮುಜರಾಯಿಯ ಪ್ರತಿ ಗುಡಿಯಲ್ಲೂ ಕೇಳಿದವರ ಹಕ್ಕಾಗಲಿ. ಗರ್ಭಗುಡಿಯ ಕೆಲಸ ಕಲಿತ ಯಾವ ಜಾತಿಯವನಿಗೂ, ಯಾವ ಹೆಣ್ಣುಮಗಳಿಗೂ ಸಿಗಲಿ. ತಮಿಳುನಾಡು 2021ರಲ್ಲಿ ಬ್ರಾಹ್ಮಣೇತರರನ್ನು ಅರ್ಚಕರಾಗಿ ನೇಮಿಸಿತು, ಆಕಾಶ ಬೀಳಲಿಲ್ಲ. ಹಾಡುವವರಿಗೆ ವರ್ಷಕ್ಕೊಂದು ಶಾಲು ಹೊದಿಸಿ ಕಳಿಸುವುದು ನಿಲ್ಲಲಿ. ಸಂಸ್ಕೃತಕ್ಕೆ ಕೊಡುವ ಸಂಬಳ, ಶಾಲೆ, ಪೀಠ ಅವರ ವಿದ್ಯೆಗೂ ಬರಲಿ.

ಇನ್ನೊಂದು ಇದೆ. ನಮ್ಮ ಮಕ್ಕಳು ಸಂಸ್ಕೃತವನ್ನೂ ಕಲಿಯಲಿ. ಕೈಮುಗಿಯುವುದಕ್ಕೆ ಬೇಡ, ಲೆಕ್ಕ ಕೇಳುವುದಕ್ಕೆ. ಗೌತಮನ ಆ ಸೂತ್ರವನ್ನು ನಮ್ಮ ಕೇರಿಯ ಹುಡುಗಿಯೊಬ್ಬಳು ಅಕ್ಷರ ಅಕ್ಷರ ಬಿಡಿಸಿ, ಒಂದು ಉಚ್ಚಾರವೂ ತಪ್ಪದಂತೆ, ತುಂಬಿದ ಸಭೆಯಲ್ಲಿ ಓದಲಿ. ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಕಾದ ಲೋಹ ಹಿಡಿದು ಯಾರು ಎದ್ದು ಬರುತ್ತಾರೋ ನೋಡೋಣ.